ಬೆರಳ ತುದಿಯ ಸುಣ್ಣ

ಕಳೆದ ಭಾನುವಾರ ಸಿಡ್ನಿಯಲ್ಲಿ ಗೆಳತಿಯೊಬ್ಬಳ ಗೃಹಪ್ರವೇಶವಿತ್ತು. ಊಟ ಮುಗಿದ ಮೇಲೆ ಅವಳ ಅತ್ತೆ ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಪುಟ್ಟ ಡಬ್ಬಿ ಇಟ್ಟುಕೊಂಡು ಒಬ್ಬೊಬ್ಬರ ಹತ್ತಿರ ಬಂದರು. ನನ್ನೆದುರು ನಿಂತು ಡಬ್ಬಿಯ ಮುಚ್ಚಳ ತೆಗೆದರು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ನನ್ನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು.

“ಬೇಡ ಆಂಟಿ, ನನಗೆ ಸುಣ್ಣ ಅಂದ್ರೆ ಭಯ.”

“ಯಾವಾಗ್ಲಾದ್ರೂ ಬಾಯಿ ಸುಟ್ಕೊಂಡಿದ್ದೀಯೇನಮ್ಮ?” ಎಂದು ಅವರು ನಕ್ಕರು.

ಬಾಯಿ ಸುಟ್ಟುಕೊಂಡಿರಲಿಲ್ಲ. ಆದರೆ ಆ ವಾಸನೆಗೆ ನನ್ನ ಅಂಗೈ ಇವತ್ತಿಗೂ ಬೆವರುತ್ತದೆ. ಅದು ಬಂದರೆ ಸಾಕು, ಮೆಲ್ಬರ್ನಿನ ಪೂರ್ವಕ್ಕಿರುವ ಗುಡ್ಡಗಳಲ್ಲಿ ನಾನು ಕಳೆದ ಒಂದು ವಸಂತ, ಅಲ್ಲಿಯ ಕಂದು ನೀರಿನ ಒಂದು ತೊರೆ, ಆ ತೊರೆಯ ಕಡೆಗೆ ಜೀವ ಬಾಯಿಗೆ ಬಂದಂತೆ ನಾನು ಓಡಿದ ಓಟ ಎಲ್ಲ ಒಟ್ಟಿಗೆ ನೆನಪಾಗುತ್ತವೆ.

ಆ ವರ್ಷ ನಾವಿದ್ದದ್ದು ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತ್‌ನಲ್ಲಿ. ಎಲ್ಲ ಹೊಸ ಮನೆಗಳು, ಹೊಸ ರಸ್ತೆಗಳು, ಮೊಣಕಾಲೆತ್ತರದ ಗಿಡಗಳು. ಗಂಡ ಪ್ರಶಾಂತನಿಗೆ ನಗರದ ನಡುವಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಏಳಕ್ಕೆ. ಧಾರವಾಡದಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಎಂಟು ವರ್ಷ ಲ್ಯಾಬಿನಲ್ಲಿ ದುಡಿದಿದ್ದ ನಾನು ಈ ದೇಶಕ್ಕೆ ಬಂದು ಎರಡು ವರ್ಷ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲಿನ ಕ್ಯಾನುಗಳನ್ನು ಜೋಡಿಸಿದ್ದೆ. ಹಾಗಾಗಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಸಂಸ್ಥೆ ಆರು ತಿಂಗಳ ಕಾಂಟ್ರಾಕ್ಟ್ ಕೊಟ್ಟಾಗ ಕೆಲಸ ಏನು, ಎಲ್ಲಿ ಎಂದು ಕೂಡ ಸರಿಯಾಗಿ ಕೇಳದೆ ಸಹಿ ಹಾಕಿದೆ. ವಾರಕ್ಕೊಮ್ಮೆ ಕಾಡಿಗೆ ಹೋಗಬೇಕು ಎನ್ನುವುದು ಗೊತ್ತಾದದ್ದು ಸಹಿ ಹಾಕಿದ ಮೇಲೆ.

ನಾನು ಮೊದಲೇ ಪುಕ್ಕಲಿ. ಹಲ್ಲಿ ಕಂಡರೆ ಕುರ್ಚಿ ಹತ್ತುವವಳು. ಇಲ್ಲಿಯ ಕಾಡಿನಲ್ಲಿ ಹಾವು, ಜಿಗಣೆ, ಗಾಳಿಯಿಲ್ಲದ ದಿನವೂ ಸದ್ದಿಲ್ಲದೆ ಮುರಿದು ಬೀಳುವ ನೀಲಗಿರಿಯ ಕೊಂಬೆಗಳು, ಸೆಪ್ಟೆಂಬರಿನಲ್ಲಿ ವಸಂತ ಬಂತೆಂದರೆ ತಲೆಗೆ ಕುಕ್ಕಲು ಹಿಂದಿನಿಂದ ಹಾರಿ ಬರುವ ಕಪ್ಪು ಬಿಳುಪಿನ ಮ್ಯಾಗ್‌ಪೈ ಹಕ್ಕಿಗಳು. ಮೊದಲ ದಿನವೇ ಈ ಎಲ್ಲದರ ಪಟ್ಟಿಯೊಂದನ್ನು ಓದಿಸಿ ಸಹಿ ಹಾಕಿಸಿಕೊಂಡರು. ಅದರಲ್ಲಿ ದಪ್ಪ ಅಕ್ಷರದ ಒಂದು ನಿಯಮವಿತ್ತು: ಯಾರೂ ಒಬ್ಬರೇ ಕಾಡಿಗೆ ಹೋಗತಕ್ಕದ್ದಲ್ಲ. ಆ ನಿಯಮ ನನಗೆ ತುಂಬ ಹಿಡಿಸಿತ್ತು.

ನನ್ನ ಜೊತೆ ಬರುತ್ತಿದ್ದವರು ಗ್ರೇಮ್. ಅರವತ್ತು ದಾಟಿದವರು, ಉದ್ದನೆಯ ಆಳು, ಮಾತು ಕಡಿಮೆ. ನಾವು ನೀರು ಅಳೆಯಬೇಕಿದ್ದ ತೊರೆ ಒಂದು ಗುಡ್ಡದ ಇಳಿಜಾರಿನಲ್ಲಿತ್ತು. ಆ ಗುಡ್ಡದ ಬುಡದ ಕಣಿವೆಯಲ್ಲಿ ಹಿಂದೆ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಒಂದಿತ್ತು. ಅದರ ಹೊಗೆ ಉಗುಳುತ್ತಿದ್ದ ಗಂಧಕ ಮಳೆಯಲ್ಲಿ ಬೆರೆತು ಹುಳಿಯಾಗಿ ಈ ಇಳಿಜಾರಿನ ಮೇಲೆ ಸುರಿಯುತ್ತಿತ್ತು. ಇಡೀ ದೇಶಕ್ಕೆ ಅದೇನೂ ದೊಡ್ಡ ಸುದ್ದಿಯಲ್ಲ. ಆದರೆ ಇಲ್ಲಿಯ ಮಣ್ಣು ತೆಳು, ಮರಳು ಮಣ್ಣು. ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಮಣ್ಣಿನಲ್ಲಿದ್ದ ಚೂರುಪಾರು ಸುಣ್ಣದ ಅಂಶವನ್ನು ಮಳೆ ವರ್ಷ ವರ್ಷವೂ ತೊಳೆದುಕೊಂಡು ಹೋಯಿತು. ಸುಣ್ಣ ಮುಗಿದ ಮೇಲೆ ಮಣ್ಣಿನಲ್ಲಿ ಅಲ್ಲಿಯವರೆಗೆ ತೆಪ್ಪಗೆ ಕೂತಿದ್ದ ಅಲ್ಯುಮಿನಿಯಂ ಕರಗಿ ತೊರೆಗೆ ಇಳಿಯಿತು. ಅದು ಮೀನಿನ ಕಿವಿರಿಗೆ ಮೆತ್ತಿಕೊಂಡರೆ ಮೀನು ನೀರಿನಲ್ಲಿದ್ದೂ ಉಸಿರು ಕಟ್ಟಿ ಸಾಯುತ್ತದೆ. ಹಾಗೆ ಈ ತೊರೆಯ ಬೆರಳುದ್ದದ, ಹುರುಪೆಯಿಲ್ಲದ ಮೀನುಗಳೆಲ್ಲ ಒಂದೊಂದೇ ಇಲ್ಲವಾದವು. ಚಿಮಣಿಗಳು ಹೊಗೆಯಾಡುತ್ತಿದ್ದ ಕಾಲದಿಂದ ಗ್ರೇಮ್ ಈ ತೊರೆಯಲ್ಲಿ ಬಾಟಲಿ ಅದ್ದುತ್ತ ಬಂದಿದ್ದರು. ಸ್ಥಾವರ ಮುಚ್ಚಿ, ಚಿಮಣಿಗಳನ್ನು ಕೆಡವಿ ಕೆಲವು ವರ್ಷಗಳಾಗಿದ್ದವು. ಮಳೆಯ ಹುಳಿ ಹೋಗಿತ್ತು. ತೊರೆಯ ಹುಳಿ ಹೋಗಿರಲಿಲ್ಲ.

ಮೊದಲ ಸಲ ತೊರೆಯನ್ನು ನೋಡಿದಾಗ ನಾನು ಹೆದರಿದ್ದು ಅದರ ಬಣ್ಣಕ್ಕೆ. ಹಾಲು ಹಾಕದ ಚಹಾದ ಹಾಗೆ ಕಂದು. ಯಾರೋ ಏನೋ ಸುರಿದಿದ್ದಾರೆ ಎಂದುಕೊಂಡೆ.

“ಹುಳಿ ಮಳೆ ಬೀಳುತ್ತಿದ್ದಾಗ ಈ ನೀರು ಗಾಜಿನಂತೆ ತಿಳಿಯಾಗಿತ್ತು,” ಎಂದರು ಗ್ರೇಮ್. “ನೋಡಿದವರೆಲ್ಲ ಎಷ್ಟು ಚೆಂದ ಅನ್ನುತ್ತಿದ್ದರು. ಸತ್ತ ನೀರು ಅದು. ಹುಳಿ ಕಡಿಮೆಯಾದರೆ ಮಣ್ಣಿನಲ್ಲಿರುವ ಎಲೆಕೊಳೆಯ ಬಣ್ಣ ಮತ್ತೆ ನೀರಿಗೆ ಬಿಡುತ್ತದೆ. ಕಂದು ಬಣ್ಣ ಒಳ್ಳೆಯ ಸುದ್ದಿ, ವಿದ್ಯಾ. ಆದರೆ ಮಣ್ಣಿಗೆ ಸುಣ್ಣ ವಾಪಸು ಬರಬೇಕಲ್ಲ, ಅದು ಕಲ್ಲು ಸವೆದು ಬರಬೇಕು. ಅದಕ್ಕೆ ಎಷ್ಟು ಕಾಲ ಬೇಕೋ.”

ಅವರು ಮರುವರ್ಷ ನಿವೃತ್ತರಾಗುವವರಿದ್ದರು. ಸಿಡ್ನಿಯಲ್ಲಿ ನೋರಾ ಎಂಬ ಹೆಂಗಸು ಆ ಜಾತಿಯ ಮೀನುಗಳನ್ನು ತೊಟ್ಟಿಗಳಲ್ಲಿ ಸಾಕಿ ಮರಿ ಮಾಡಿಸಿದ್ದಳು. ಈ ತೊರೆಯಿಂದಲೇ ಎಂದೋ ಹಿಡಿದು ಕಾಪಾಡಿದ್ದ ಕೆಲವು ಮೀನುಗಳ ಸಂತಾನ ಅವು. ಬೇರೆಲ್ಲೂ ಅವು ಉಳಿದಿರಲಿಲ್ಲ. ವಸಂತದ ಆರು ವಾರಗಳ ಲೆಕ್ಕ ಚೆನ್ನಾಗಿ ಬಂದರೆ ಮೀನುಗಳನ್ನು ತೊರೆಗೆ ಬಿಡುವುದು, ಇಲ್ಲದಿದ್ದರೆ ಮತ್ತೆ ಕಾಯುವುದು ಎಂದು ತೀರ್ಮಾನವಾಗಿತ್ತು. ಗ್ರೇಮ್ ಇದನ್ನು ಹೇಳುವಾಗ ದನಿಯಲ್ಲಿ ಆಸೆ ಇಣುಕದಂತೆ ಬಹಳ ಎಚ್ಚರ ವಹಿಸುತ್ತಿದ್ದರು.

ಎರಡು ವಾರ ಒಟ್ಟಿಗೆ ಹೋದೆವು. ಪಿಎಚ್ ಐದರ ಆಸುಪಾಸು. ಏಳಿದ್ದರೆ ಸಮ, ಕೆಳಗಿಳಿದಷ್ಟೂ ಹುಳಿ. ಮೂರನೆಯ ವಾರ ಗ್ರೇಮ್ ಮೊಣಕಾಲಿನ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆಫೀಸಿನಲ್ಲಿ ಬೇರೆ ಯಾರೂ ಬಿಡುವಿರಲಿಲ್ಲ. “ಜೊತೆಗೆ ಯಾರಾದರೂ ದೊಡ್ಡವರನ್ನು ಕರೆದುಕೊಂಡು ಹೋಗು, ಫಾರ್ಮಿನಲ್ಲಿ ಹೆಸರು ಬರೆ, ಸಾಕು,” ಎಂದರು ಮ್ಯಾನೇಜರು. ಆಗ ಮನೆಯಲ್ಲಿದ್ದ ಬಿಡುವಿನ ದೊಡ್ಡವರು ಅಂದರೆ ನಮ್ಮವ್ವ.

ಅವ್ವ ಆಗಸ್ಟಿನಲ್ಲಿ ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಧಾರವಾಡದಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು. ಯಾರಿಗೂ ಯಾವುದಕ್ಕೂ ಅಂಜಿದವಳಲ್ಲ, ನಾನು ಯಾರನ್ನು ಹೋತೆನೋ ಗೊತ್ತಿಲ್ಲ. ಅವಳ ಚಟ ಒಂದೇ, ಎಲೆ ಅಡಿಕೆ. ಅಡಿಕೆಯನ್ನೂ ಸುಣ್ಣದ ಡಬ್ಬಿಯನ್ನೂ ಊರಿಂದ ತಂದಿದ್ದಳು. ಎಲೆ ಪಕ್ಕದ ಸಬರ್ಬಿನ ಶ್ರೀಲಂಕಾದವರ ಅಂಗಡಿಯಲ್ಲಿ ಸಿಗುತ್ತಿತ್ತು.

“ಕಾಡಿಗೆ ಬರ್ತೀಯೇನವ್ವಾ?” ಎಂದು ಕೇಳಿದೆ.

“ಬರ್ತೀನಿ. ಈ ಮನ್ಯಾಗ ಕುಂತು ಕುಂತು ಸಾಕಾಗೇತಿ. ಒಂದು ಕಾಗಿನೂ ಕೂಗಂಗಿಲ್ಲ ಇಲ್ಲೆ.”

ಫಾರ್ಮಿನಲ್ಲಿ ‘ಜೊತೆಗಾರರು’ ಎಂಬಲ್ಲಿ ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಎಸ್. ಹಿರೇಮಠ ಎಂದು ಬರೆದೆ. ಅವಳು ನನ್ನ ತಾಯಿ ಎಂದು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ತೊರೆಯ ದಂಡೆ ಕಡಿದಾಗಿತ್ತು, ಜಾರುತ್ತಿತ್ತು. ಗ್ರೇಮ್ ಇದ್ದಾಗ ಅವರೇ ಕೆಳಗಿಳಿದು ಬಾಟಲಿಯನ್ನು ನೇರ ನೀರಿಗೆ ಅದ್ದುತ್ತಿದ್ದರು, ಪಿಎಚ್ ಮೀಟರನ್ನು ಹರಿಯುವ ನೀರಿನಲ್ಲೇ ಹಿಡಿಯುತ್ತಿದ್ದರು. ನನಗೆ ಆ ಧೈರ್ಯವಿರಲಿಲ್ಲ. ಉದ್ದ ಕೋಲಿನ ತುದಿಗೆ ಕಟ್ಟಿದ ಪ್ಲಾಸ್ಟಿಕ್ ಜಗ್ ಒಂದಿತ್ತು, ಕೈಗೆ ಎಟುಕದ ಕಡೆಗೆಂದು ಇಟ್ಟದ್ದು. ನಾನು ಮೇಲೆ ಮರದ ಬೇರು ಹಿಡಿದು ನಿಂತು ಕೋಲಿನಿಂದ ನೀರು ಎತ್ತಿ, ಆ ಜಗ್ಗಿನಿಂದಲೇ ಬಾಟಲಿಗಳನ್ನು ತುಂಬಿಸಿ, ಅದರಲ್ಲೇ ಮೀಟರನ್ನು ಅದ್ದಿದೆ. ನೀರಿನಲ್ಲೇ ಕಟ್ಟಿಟ್ಟು ಸದಾ ಅಳೆಯುವ ಯಂತ್ರವೊಂದು ಹಿಂದೆ ಇತ್ತಂತೆ; ನೆರೆಯಲ್ಲಿ ಕೊಚ್ಚಿಹೋಗಿ ಹೊಸದು ಬಂದಿರಲಿಲ್ಲ.

ನೀರು ಎತ್ತುವ ಮೊದಲು ಅವ್ವ ಮ್ಯಾಗ್‌ಪೈಗಳಿಗೆಂದು ಬಿಚ್ಚಿದ ಕೊಡೆಯನ್ನು ಹೆಗಲಿಗೆ ಆನಿಸಿಕೊಂಡು, ಬಾಯಲ್ಲಿ ಎಲೆ ಅಗಿಯುತ್ತ, “ತಾ ಇಲ್ಲೆ, ಜಗ್ ತಿಕ್ಕಿ ಕೊಡ್ತೀನಿ,” ಎಂದು ಜಗ್ಗನ್ನು ಇಸಿದುಕೊಂಡಳು. ಸ್ವಲ್ಪ ನೀರು ಹಾಕಿ, ಬೆರಳಿನಿಂದ ಒಳಗೆಲ್ಲ ಸುತ್ತ ಉಜ್ಜಿ, ಕುಲುಕಿ ಚೆಲ್ಲಿದಳು. ಚೊಂಬು ಹಿಡಿದು ನೀರು ತುಂಬುವ ಮೊದಲು ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವುದು ಅದನ್ನೇ. ನಾನು ಹುಟ್ಟಿದಾಗಿನಿಂದ ನೋಡಿದ್ದು. ಅದಕ್ಕೇ ಅದು ಕಣ್ಣಿಗೇ ಬೀಳಲಿಲ್ಲ.

ಮೀಟರು ಆರೂವರೆ ತೋರಿಸಿತು.

ನಾನು ಮೀಟರನ್ನು ತೊಳೆದು ಮತ್ತೆ ಅದ್ದಿದೆ. ಅದೇ. ಲ್ಯಾಬಿನಿಂದ ಬಾಟಲಿಗಳ ಫಲಿತಾಂಶ ಬಂತು: ಸುಣ್ಣದ ಅಂಶ ಏರಿದೆ, ಅಲ್ಯುಮಿನಿಯಂ ಇಳಿದಿದೆ. ಗ್ರೇಮ್‌ಗೆ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದೆ. “ಮತ್ತೊಮ್ಮೆ ಮಾಡು. ಎಲ್ಲವನ್ನೂ ಮೊದಲಿನಿಂದ,” ಎಂದರು.

ಮತ್ತೊಮ್ಮೆ ಮಾಡಿದೆ. ಅದೇ ಜಗ್, ಅದೇ ಅವ್ವ, ಅದೇ ಬೆರಳು. ಆರು ಮುಕ್ಕಾಲು. ಇನ್ನೆರಡು ವಾರವೂ ಆರರ ಮೇಲೆಯೇ. ಪ್ರತಿ ಸಲ ಶುದ್ಧ ನೀರನ್ನು ಜಗ್ಗಿನಲ್ಲಿ ಹಾಯಿಸಿ ಅದನ್ನೂ ಅಳೆಯಬೇಕು, ಪಾತ್ರೆಯ ಕೊಳೆ ಲೆಕ್ಕಕ್ಕೆ ಸೇರಬಾರದೆಂದು. ಅದಕ್ಕೆ ಖಾಲಿ ಪರೀಕ್ಷೆ ಎನ್ನುತ್ತಿದ್ದೆವು. ನಾನು ಶುದ್ಧ ನೀರನ್ನು ನೇರ ಬಾಟಲಿಗೇ ಸುರಿದು ಖಾಲಿ ಪರೀಕ್ಷೆ ಆಯಿತೆಂದು ಗೆರೆ ಎಳೆದೆ. ಜಗ್ಗನ್ನು ಅವ್ವ ಈಗ ತಾನೇ ತಿಕ್ಕಿದ್ದಳಲ್ಲ. ಜೊತೆಗೆ ಮೇಲೆ ಕೊಂಬೆ ಕರಕರ ಅನ್ನುತ್ತಿತ್ತು. ಬೇಗ ಕಾರು ಸೇರಿಕೊಂಡರೆ ಸಾಕಾಗಿತ್ತು ನನಗೆ.

ವರದಿ ನಾನೇ ಬರೆದೆ. ಮೀನುಗಳನ್ನು ಬಿಡುವ ದಿನ ಒಂದು ಶನಿವಾರ ಬೆಳಗ್ಗೆ ಎಂದು ಗೊತ್ತಾಯಿತು. ಶುಕ್ರವಾರ ಮ್ಯಾನೇಜರು ಕರೆದು, ಕಾಂಟ್ರಾಕ್ಟನ್ನು ಎರಡು ವರ್ಷಕ್ಕೆ ಮುಂದುವರಿಸುವ ಕಾಗದ ಸೋಮವಾರ ಕೈಗೆ ಬರುತ್ತದೆ ಎಂದರು. ಮನೆಗೆ ಬಂದವಳೇ ಅವ್ವನಿಗೆ ಹೇಳಿದೆ.

“ತಡಿ, ಮೊದಲ ದೃಷ್ಟಿ ತಗೀತೀನಿ,” ಎಂದಳು ಅವ್ವ.

ಸಂಜೆ ಆರರ ಬಿಸಿಲು ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ಅವ್ವ ತಟ್ಟೆಗೆ ನೀರು ಹಾಕಿ, ಅರಿಸಿನ ಹಾಕಿ, ಬೆರಳಿನಿಂದ ಕಲಸಿದಳು. ಹಳದಿ ನೀರು ಬೆರಳು ಆಡಿದ ಕಡೆಯಿಂದ ಕೆಂಪಾಗುತ್ತ ಬಂದು ಇಡೀ ತಟ್ಟೆ ಓಕುಳಿಯಾಯಿತು.

“ಸುಣ್ಣ ಹಾಕಲಿಲ್ಲಲ್ಲವ್ವಾ?” ಎಂದೆ, ಸುಮ್ಮನೆ.

“ಬೆರಳಾಗ ಇರೋದ ಸಾಕು ಬಿಡು. ಎಷ್ಟು ತೊಳದರೂ ಉಗುರಾಗ ಇರತೇತಿ ಅದು.”

ಆರತಿಯ ನೀರು ಕೆಂಪಾಗುವುದು ಅರಿಸಿನಕ್ಕೆ ಸುಣ್ಣ ತಾಗಿದಾಗ. ರಸಾಯನಶಾಸ್ತ್ರ ಓದಿದ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಅವ್ವ ತಟ್ಟೆಯನ್ನು ನನ್ನ ಮುಖದ ಸುತ್ತ ಒಂದು ಸಲ ಇಳಿಸಿದಳು, ಎರಡು ಸಲ ಇಳಿಸಿದಳು. ನನಗೆ ಕಾಣುತ್ತಿದ್ದದ್ದು ಅವಳ ಬೆರಳು ಮಾತ್ರ.

“ಅವ್ವಾ, ಒಂದು ಲೋಟ ತಿಕ್ಕು. ಜಗ್ ತಿಕ್ತಿದ್ದೆಲ್ಲ, ಹಂಗ.”

“ಯಾಕ?”

“ತಿಕ್ಕು ನೀ.”

ಅವಳು ಲೋಟ ತಿಕ್ಕಿದಳು. ನಾನು ಕೆಲಸದ ಚೀಲದಲ್ಲಿದ್ದ ಶುದ್ಧ ನೀರನ್ನು ಹಾಕಿ ಮೀಟರು ಅದ್ದಿದೆ. ಅಂಕಿ ಏರುತ್ತ ಹೋಯಿತು. ಏಳು ದಾಟಿತು, ಎಂಟು ದಾಟಿತು. ನೋಡಲಾಗದೆ ಮೀಟರನ್ನು ಬೋರಲು ಹಾಕಿದೆ.

ನಾಲ್ಕು ವಾರದ ಲೆಕ್ಕ ನಮ್ಮವ್ವನ ಎಲೆ ಅಡಿಕೆಯ ಲೆಕ್ಕವಾಗಿತ್ತು. ತೊರೆ ಎಲ್ಲಿತ್ತೋ ಅಲ್ಲೇ ಇತ್ತು. ಆ ಹೊತ್ತಿಗೆ ಸಿಡ್ನಿಯಿಂದ ಹೊರಟ ಲಾರಿ ಇನ್ನೂರಕ್ಕೂ ಹೆಚ್ಚು ಮೀನುಗಳನ್ನು ಹೊತ್ತು ಹೆದ್ದಾರಿಯಲ್ಲಿ ಬರುತ್ತಿತ್ತು.

ಒಂದು ಮಾತು ಇಲ್ಲಿ ಬರೆಯಲೇಬೇಕು. ಆ ಸಂಜೆ ಸುಮಾರು ಅರ್ಧ ಗಂಟೆ ನಾನು ಯಾರಿಗೂ ಫೋನ್ ಮಾಡಲಿಲ್ಲ. ಸೋಮವಾರದ ಕಾಗದ ಕಣ್ಣೆದುರು ಬರುತ್ತಿತ್ತು. ಹಾಲಿನ ಕ್ಯಾನುಗಳು ಕಣ್ಣೆದುರು ಬರುತ್ತಿದ್ದವು. ಮೀನು ಕಾಡಿನಲ್ಲಿ ಸತ್ತರೆ ಯಾಕೆ ಸತ್ತವೆಂದು ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಈಗ ನೆನೆಸಿಕೊಂಡರೆ ನನಗೆ ಹಾವಿಗಿಂತ ಕೊಂಬೆಗಿಂತ ಹೆಚ್ಚು ಭಯವಾಗುವುದು ಆ ಅರ್ಧ ಗಂಟೆಯ ನನ್ನನ್ನು ಕಂಡರೆ.

ಅವ್ವ ಎದುರು ಬಂದು ಕೂತಳು. “ಏನಾತು ಹೇಳು.”

ಹೇಳಿದೆ. ಅವಳು ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಮೀನ ಸಾಯ್ತಾವೇನು?”

“ಸಾಯ್ತಾವವ್ವಾ.”

“ಮತ್ತ ಯಾಕ ಕುಂತಿ? ಹಚ್ಚು ಫೋನ. ಕೈ ನಂದು, ನನ್ನ ಹೆಸರ ಹೇಳು.”

“ಜಗ್ ನಂದವ್ವಾ,” ಎಂದು ಫೋನ್ ತೆಗೆದುಕೊಂಡೆ.

ಗ್ರೇಮ್ ಫೋನು ಹತ್ತಲಿಲ್ಲ. ಬೆಳಗ್ಗೆ ಬೇಗ ತೊರೆ ತಲುಪಲೆಂದು ಅವರು ಆ ದಿನವೇ ಗುಡ್ಡದ ಮೇಲಿನ ಒಂದು ಗುಡಿಸಲಿಗೆ ಹೋಗಿದ್ದರು, ಅಲ್ಲಿ ಸಿಗ್ನಲ್ ಇಲ್ಲ. ನೋರಾಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮ್ಯಾನೇಜರ ಫೋನು ಬಂದ್ ಆಗಿತ್ತು. ಮೂವರಿಗೂ ಮೆಸೇಜ್ ಹಾಕಿದೆ. ಯಾರೂ ನೋಡಿದ ಗುರುತಿಲ್ಲ.

ಕತ್ತಲಲ್ಲಿ ಆ ಗುಡ್ಡದ ಕಾಡುದಾರಿ ಹಿಡಿಯುವ ಧೈರ್ಯವಾಗದೆ, ಬೆಳಕು ಹರಿಯುತ್ತಿದ್ದಂತೆ ಮೂವರೂ ಹೊರಟೆವು. ಪ್ರಶಾಂತ ಕಾರು ಓಡಿಸುತ್ತಿದ್ದ. ಹಿಂದೆ ಅವ್ವ, ಮಡಿಲಲ್ಲಿ ಸುಣ್ಣದ ಡಬ್ಬಿ. ಯಾಕೆ ತಂದೆ ಎಂದರೆ, ತೋರಸಾಕ ಎಂದಳು. ಅವತ್ತು ಬಾಯಲ್ಲಿ ಎಲೆ ಇರಲಿಲ್ಲ.

“ಹತ್ತು ಗಂಟೆಗೆ ಅಲ್ವಾ ಬಿಡೋದು? ಒಂಬತ್ತಕ್ಕೇ ತಲುಪ್ತೀವಿ ವಿದ್ಯಾ. ಉಸಿರಾಡು ನೀನು,” ಎಂದ ಪ್ರಶಾಂತ.

ಅವನು ಮೈಸೂರಿನವನು, ಯಾವುದಕ್ಕೂ ಗಾಬರಿ ಬೀಳುವವನಲ್ಲ. ಆದರೆ ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ಹೊಸ ನೀರಿಗೆ ಮೀನನ್ನು ಒಮ್ಮೆಲೇ ಬಿಡುವುದಿಲ್ಲ. ಮೀನಿರುವ ಚೀಲಗಳನ್ನು ತೊರೆಯಲ್ಲಿ ತೇಲಿಬಿಟ್ಟು, ಒಂದೊಂದೇ ಲೋಟ ತೊರೆಯ ನೀರನ್ನು ಚೀಲಕ್ಕೆ ಸೇರಿಸಿ ಅವಕ್ಕೆ ರೂಢಿ ಮಾಡಿಸುತ್ತಾರೆ. ಅದು ಒಂದೆರಡು ಗಂಟೆ ಮೊದಲೇ ಶುರುವಾಗುತ್ತದೆ. ಗಾಜಿನ ಮೇಲೆ ಹನಿ ಬೀಳತೊಡಗಿತು. ಮಳೆ ಬಂದರೆ ಮಣ್ಣಿನಿಂದ ಇನ್ನಷ್ಟು ಅಲ್ಯುಮಿನಿಯಂ ತೊರೆಗೆ ಇಳಿಯುತ್ತದೆ. ನಾನು ಅದನ್ನು ಇಬ್ಬರಿಗೂ ಹೇಳಲಿಲ್ಲ. ಹೇಳಿದರೆ ಅಳು ಬರುತ್ತಿತ್ತು.

ಕಾರು ನಿಂತ ಕೂಡಲೇ ಇಳಿದು ಓಡಿದೆ. ಕೆಳಗೆ ಮರಗಳ ಸಂದಿಯಲ್ಲಿ ನೋರಾಳ ಹಳದಿ ಮಳೆಕೋಟು ಕಂಡಿತು. ಅವಳು ಸೊಂಟದವರೆಗೆ ನೀರಿನಲ್ಲಿ ನಿಂತು ಲೋಟದಲ್ಲಿ ನೀರನ್ನೆತ್ತಿ ಚೀಲಕ್ಕೆ ಸುರಿಯುತ್ತಿದ್ದಳು.

“ನಿಲ್ಲಿಸಿ!” ಎಂದು ಕೂಗಿದೆ. ಕನ್ನಡದಲ್ಲೇ ಕೂಗಿದ್ದೆನಂತೆ, ಆಮೇಲೆ ಪ್ರಶಾಂತ ಹೇಳಿದ.

ನಾಲ್ಕು ವಾರ ಬೇರು ಹಿಡಿದು ನಿಂತು ಇಳಿಯಲು ಹೆದರಿದ್ದ ಆ ದಂಡೆಯಲ್ಲಿ ಜಾರಿ, ಕೂತು, ಉರುಳಿ, ನೀರಿಗೇ ಬಿದ್ದೆ. ಎದ್ದು ಮೀಟರನ್ನು ಹರಿಯುವ ನೀರಿನಲ್ಲಿ ಹಿಡಿದೆ. ಐದಕ್ಕೂ ಕೆಳಗೆ. ಊರುಗೋಲು ಹಿಡಿದು ದಂಡೆಯ ಮೇಲೆ ನಿಂತಿದ್ದ ಗ್ರೇಮ್‌ಗೆ ಅದನ್ನು ಎತ್ತಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಇನ್ನೊಮ್ಮೆ ನೋಡಿದರು.

“ಚೀಲಗಳನ್ನು ಮೇಲಕ್ಕೆತ್ತು, ನೋರಾ,” ಎಂದರು ಮೆಲ್ಲಗೆ.

ನೋರಾ ಚೀಲಗಳನ್ನು ಎತ್ತಿ ಎತ್ತಿ ಪ್ರಶಾಂತನ ಕೈಗೆ ಕೊಟ್ಟಳು. ಲಾರಿಯ ತೊಟ್ಟಿಯಲ್ಲಿ ಸಿಡ್ನಿಯ ನೀರು ಇನ್ನೂ ಇತ್ತು, ದೇವರ ದಯ. ಮೊದಲು ನೀರು ಸೇರಿಸಿದ್ದ ಚೀಲದಲ್ಲಿ ಕೆಲವು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅವುಗಳಲ್ಲಿ ಏಳು ಉಳಿಯಲಿಲ್ಲ. ಪಾರದರ್ಶಕ ಅನ್ನಬಹುದಾದಂಥ ಪುಟ್ಟ ಮೀನುಗಳು. ಬೆಳಕಿಗೆ ಹಿಡಿದರೆ ಒಳಗಿನ ಮುಳ್ಳು ಕಾಣುತ್ತಿತ್ತು. ನೋರಾ ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಜಗ್, ಖಾಲಿ ಪರೀಕ್ಷೆ, ಫಾರ್ಮಿನಲ್ಲಿ ಬರೆದ ಹೆಸರು ಯಾರದು ಎಂಬುದು. ಅಷ್ಟರಲ್ಲಿ ಅವ್ವ ಕೊಡೆ ಊರಿಕೊಂಡು ನಿಧಾನ ಇಳಿದು ಬಂದು ಗ್ರೇಮ್ ಎದುರು ನಿಂತು, ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು. “ಇದ ನೋಡ್ರಿ,” ಎಂದಳು ಕನ್ನಡದಲ್ಲಿ. ಗ್ರೇಮ್ ಡಬ್ಬಿಯನ್ನು ತೆಗೆದುಕೊಂಡು ಮೂಸಿ ನೋಡಿದರು. ಬೆರಳಿಗೆ ಸ್ವಲ್ಪ ಹಚ್ಚಿಕೊಂಡು ಉಜ್ಜಿದರು. ಆಮೇಲೆ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಲು ನನಗಾಗಲಿಲ್ಲ.

“ನನಗೆ ಮೊದಲ ವಾರವೇ ಅನುಮಾನ ಬರಬೇಕಿತ್ತು,” ಎಂದರು. “ಮಣ್ಣು ಹಾಗೆಲ್ಲ ಅವಸರ ಮಾಡುವುದಿಲ್ಲ. ನನಗೆ ಗೊತ್ತಿತ್ತು ಅದು. ಆದರೆ ಹೋಗುವ ಮೊದಲು ಒಮ್ಮೆ ನೋಡಬೇಕು ಅಂತಿತ್ತು. ಅದಕ್ಕೇ ನೀರನ್ನು ಹೇಗೆ ಎತ್ತಿದೆ ಅಂತ ನಾನು ಕೇಳಲಿಲ್ಲ.”

ಅವ್ವನಿಗೆ ಇಂಗ್ಲಿಷು ಅಷ್ಟಾಗಿ ತಿಳಿಯದು. ಆದರೆ ಅವಳು ಅವರ ಪಕ್ಕದ ಕಲ್ಲಿನ ಮೇಲೆ ಕೂತು, ಅವರ ತಲೆಯ ಮೇಲೂ ಬರುವಂತೆ ಕೊಡೆ ಹಿಡಿದಳು. ಇಬ್ಬರೂ ತೊರೆಯನ್ನು ನೋಡುತ್ತ ಕೂತರು. ನಾನು ನೀರಿನಲ್ಲೇ ನಿಂತಿದ್ದೆ. ಬೂಟಿನೊಳಗೆ ಜಿಗಣೆ ಕಚ್ಚಿ ರಕ್ತ ಹೀರುತ್ತಿದ್ದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಸೋಮವಾರ ಕಾಗದ ಬರಲಿಲ್ಲ. ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಉಳಿದ ತಿಂಗಳು ಮುಗಿಸಿ ಹೋಗಬಹುದು ಎಂದರು, ಅದೇ ದೊಡ್ಡ ಮನಸ್ಸು. ಕೊನೆಯ ದಿನ ಗ್ರೇಮ್ ತೊರೆಯ ಅಂಕಿಗಳನ್ನು ಬರೆದಿಡುತ್ತಿದ್ದ ತಮ್ಮ ಹಳೆಯ ಪುಸ್ತಕವನ್ನು ನನ್ನ ಮುಂದೆ ಇಟ್ಟು, ಏನು ನಡೆಯಿತೆಂದು ಪೂರ್ತಿ ಬರೆಯಲು ಹೇಳಿದರು. “ಮುಂದೆ ಬರುವವರು ಈ ನಾಲ್ಕು ವಾರದ ಅಂಕಿ ನೋಡಿ ನಂಬಬಾರದು. ಅಡ್ಡಗೆರೆ ಹಾಕಿದರೆ ಸಾಲದು, ಯಾಕೆ ಅಂತ ಇರಬೇಕು,” ಎಂದರು. ಮನೆಗೆ ಒಯ್ದು ಒಂದು ಪುಟ ಬರೆದೆ. ವೀಳ್ಯದೆಲೆ ಅಂದರೇನು, ಸುಣ್ಣ ಯಾಕೆ ಹಚ್ಚುತ್ತಾರೆ, ಚೊಂಬು ಹೇಗೆ ತಿಕ್ಕುತ್ತಾರೆ ಎಲ್ಲ. ಆ ಪುಟಕ್ಕೆ ತಾನೂ ಸಹಿ ಹಾಕುತ್ತೇನೆಂದು ಅವ್ವ ಹಟ ಹಿಡಿದು, ಗುಂಡಗಿನ ಮೇಷ್ಟ್ರ ಅಕ್ಷರದಲ್ಲಿ ಕನ್ನಡದಲ್ಲಿ ಹೆಸರು ಬರೆದಳು.

ಆಮೇಲೆ ಪ್ರಶಾಂತನಿಗೆ ಸಿಡ್ನಿಗೆ ವರ್ಗವಾಯಿತು. ನಾನು ಇಲ್ಲಿ ಮತ್ತೆ ನೀರಿನ ಲ್ಯಾಬೊಂದರಲ್ಲಿದ್ದೇನೆ. ಸಂದರ್ಶನದಲ್ಲಿ ಆ ಪುಟದ ಕತೆಯನ್ನು ನಾನೇ ಮೊದಲು ಹೇಳಿದೆ. ಖಾಲಿ ಪರೀಕ್ಷೆಯನ್ನು ಎರಡು ಸಲ ಮಾಡುತ್ತೇನೆ, ಜೊತೆಯವರು ನಗುತ್ತಾರೆ. ತಿಂಗಳಿಗೊಮ್ಮೆ ನೋರಾಳ ತೊಟ್ಟಿಗಳ ಬಳಿಗೆ ಹೋಗಿ ಮೀನುಗಳಿಗೆ ಆಹಾರ ಹಾಕುತ್ತೇನೆ. ಬಾಗಿಲಲ್ಲೇ ಮೊಣಕೈವರೆಗೆ ಕೈ ತೊಳೆಯುತ್ತೇನೆ. ಅವು ಬೆರಳಿನ ನೆರಳು ಕಂಡರೆ ಮೇಲೆ ಬರುತ್ತವೆ. ಆಗೆಲ್ಲ ನನಗೆ ಸಂತೋಷಕ್ಕಿಂತ ಮೊದಲು ಭಯವೇ ಆಗುತ್ತದೆ.

ಗ್ರೇಮ್ ನಿವೃತ್ತರಾಗಿ ಬಹಳ ಕಾಲವಾಯಿತು, ಆದರೂ ಪ್ರತಿ ವಸಂತದಲ್ಲಿ ಹೋಗಿ ಅಳೆದು ನನಗೆ ಅಂಕಿ ಕಳಿಸುತ್ತಾರೆ. ಅಂಕಿಯ ಮುಂದೆ ‘ಕೈ ತೊಳೆದಿದ್ದೇನೆ’ ಎಂದು ಬರೆಯುವುದು ಅವರ ತಮಾಷೆ. ಅಂಕಿ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಭಾನುವಾರ, ಆ ಆಂಟಿ ತಟ್ಟೆ ಹಿಡಿದು ಮುಂದಿನವರ ಬಳಿಗೆ ಹೋದ ಮೇಲೆ, ಫೋನ್ ತೆಗೆದರೆ ಗ್ರೇಮ್ ಮೆಸೇಜ್ ಬಂದಿತ್ತು. ಈ ವರ್ಷದ ಅಂಕಿ ಕೂದಲೆಳೆಯಷ್ಟು ಮೇಲಿತ್ತು. ಅದರ ಮುಂದೆ ತಮಾಷೆ ಇರಲಿಲ್ಲ. ನಾನು ಕೂತಲ್ಲೇ ಬೆವತೆ. ‘ಖಾಲಿ ಪರೀಕ್ಷೆ ಮಾಡಿದಿರಾ?’ ಎಂದು ಬರೆದೆ. ‘ಎರಡು ಸಲ. ನೇರ ನೀರಿನಲ್ಲೇ ಅಳೆದೆ. ಆರು ವಾರವೂ ಅಷ್ಟೇ ಬಂತು,’ ಎಂದು ಬಂತು. ಮೀನು ಬಿಡಲು ಅದು ಏನೇನೂ ಸಾಲದು, ಇನ್ನೂ ಎಷ್ಟೋ ವರ್ಷ ಬೇಕು. ಆದರೂ ಅದನ್ನು ನಂಬಲೋ ಬೇಡವೋ ತಿಳಿಯದೆ ಹೊರಗೆ ಬಂದು ಧಾರವಾಡಕ್ಕೆ ಫೋನ್ ಹಚ್ಚಿದೆ.

ಅವ್ವ ಎಲ್ಲ ಕೇಳಿಸಿಕೊಂಡಳು. ಬಾಯಲ್ಲಿದ್ದದ್ದನ್ನು ಉಗಿದು ಬಂದಳು.

“ಈ ಸಲ ನಾ ಮುಟ್ಟಿಲ್ಲಲ್ಲ?”

“ಇಲ್ಲವ್ವಾ.”

“ಹಂಗಾರ ಖರೇನ ಇರಬೇಕ ಬಿಡವಾ,” ಎಂದಳು.